ಪನೀರು ತಿನ್ನುವ ಗೂಬೆ

ಅಂದು ಬೆಳಿಗ್ಗೆಯೂ ಎಂದಿನ ಹಾಗೆ ಎರಡು ಡಬ್ಬಿ ಕಟ್ಟಿದೆ. ಒಂದು ನನ್ನ ಮಧ್ಯಾಹ್ನದ ಊಟದ್ದು: ಕುಚ್ಚಲಕ್ಕಿ ಅನ್ನ, ತೊಂಡೆಕಾಯಿ ಪಲ್ಯ, ಕರಿದ ಮಜ್ಜಿಗೆ ಮೆಣಸು. ಇನ್ನೊಂದು ಗೂಬೆಯದು. ಅದರಲ್ಲಿ ಫ್ರೀಜರಿನಿಂದ ತೆಗೆದ ಸತ್ತ ಕೋಳಿಮರಿ, ಹಳದಿ ತುಪ್ಪುಳ ಸಮೇತ, ಕಾಗದದಲ್ಲಿ ಸುತ್ತಿಟ್ಟದ್ದು. ಚಹಾ ಕುಡಿಯುತ್ತಿದ್ದ ನನ್ನ ಗಂಡ ಸದಾಶಿವ, ಡಬ್ಬಿ ಅದಲುಬದಲಾಗದ ಹಾಗೆ ನೋಡಿಕೋ ಎಂದರು. ದಿನವೂ ಹೇಳುತ್ತಿದ್ದ ಮಾತೇ. ಗಲ್ಫಿನಲ್ಲಿ, ಕರಾಮದ ನಮ್ಮ ಫ್ಲಾಟಿನಿಂದ ಮೆಟ್ರೋಗೆ ನಡೆದು ಹೋಗುವಾಗ ಹೂವಿನಂಗಡಿಯವನು ಊರಿನಿಂದ ಬಂದ ಮಲ್ಲಿಗೆಯ ಕಟ್ಟು ಬಿಚ್ಚುತ್ತಿದ್ದ. ಹೆಂಗಸರ ಬೋಗಿಯಲ್ಲಿ ಕಿಟಕಿಯ ಬದಿ ಸೀಟು ಸಿಕ್ಕಿತು. ಕೈಚೀಲವನ್ನು ಮಡಿಲಲ್ಲಿ ನೆಟ್ಟಗೆ ಹಿಡಿದುಕೊಂಡು ಆಫೀಸಿರುವ ಜುಮೇರಾ ಲೇಕ್ ಟವರ್ಸ್ ತನಕ ಹೋದೆ.

ಈಗ ನಾನು ಪುನಃ ಮನೆಯಲ್ಲಿಯೇ ಇರುವವಳು. ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಒಂದು ಖಾಸಗಿ ತರಬೇತಿ ಸಂಸ್ಥೆಯ ಫ್ರಂಟ್ ಆಫೀಸಿಗೆ ಸೇರಿದೆ, ಅವಳು ಮದುವೆಯಾಗಿ ಹೋದ ಮೇಲೂ ಅಲ್ಲಿಯೇ ಇದ್ದೆ. ಇತ್ತೀಚೆಗೆ ಪರಿಚಯದ ಹುಡುಗಿಯೊಬ್ಬಳು ಇಂಥದ್ದೇ ಕೆಲಸಕ್ಕೆ ಸೇರುವ ಮೊದಲು ನಮ್ಮ ಮನೆಗೆ ಬಂದು, ಆಂಟಿ ಏನಾದರೂ ಟಿಪ್ಸ್ ಕೊಡಿ ಎಂದಳು. ಚಹಾ, ನೀರುಳ್ಳಿ ಬಜೆ ಕೊಟ್ಟು ಕಳಿಸಿದೆ. ಆಮೇಲೆ ಪಾತ್ರೆ ತೊಳೆಯುವಾಗ ಒಂದೊಂದಾಗಿ ನೆನಪಾಗತೊಡಗಿತು, ನೆನಪಾದ ಹಾಗೆ ಸಿಟ್ಟೂ ಬಂತು. ಅದನ್ನೇ ಬರೆಯುತ್ತಿದ್ದೇನೆ.

ಫ್ರಂಟ್ ಆಫೀಸ್ ಎಂದರೆ ನಗುತ್ತಾ ಕುಳಿತಿರುವುದು ಎಂದು ಹೊರಗಿನವರು ತಿಳಿದಿರುತ್ತಾರೆ. ನಮ್ಮಲ್ಲಿ ಅದರ ಮುಖ್ಯ ಕೆಲಸ ಸರಕಾರದ ಕಡೆಯಿಂದ ಬರುವವರನ್ನು ಬರಮಾಡಿಕೊಳ್ಳುವುದಾಗಿತ್ತು. ಲೈಸನ್ಸ್ ನೋಡುವವರು, ಬೆಂಕಿ ಆರಿಸುವ ಸಿಲಿಂಡರ್ ನೋಡುವವರು, ಬಲದಿಯಾದವರು. ಮುನಿಸಿಪಾಲಿಟಿಯನ್ನು ಇಲ್ಲಿ ನಾವೆಲ್ಲ ಕರೆಯುವುದು ಬಲದಿಯಾ ಎಂದೇ. ಆಗ ಒಂದು ಅರ್ಜಿ ಕೊಡಬೇಕಾದರೆ ಟೈಪಿಂಗ್ ಸೆಂಟರಿನಲ್ಲಿ ಅರಬ್ಬಿಯಲ್ಲಿ ಹೊಡೆಸಿ, ಕೌಂಟರಿನಿಂದ ಕೌಂಟರಿಗೆ ನಡೆಯಬೇಕಿತ್ತು. ಈಗ ಎಲ್ಲ ಫೋನಿನಲ್ಲೇ ಆಗುತ್ತದೆ, ಸೋಫಾದಲ್ಲಿ ಕುಳಿತು ಮುಗಿಸಬಹುದು. ಅದು ಒಳ್ಳೆಯದೇ. ಆದರೆ ಮೊದಲು ಅಧಿಕಾರಿಗಳು ಬಂದು ಕುಳಿತುಕೊಳ್ಳುತ್ತಿದ್ದರು, ನಮ್ಮ ಮುಖ ಅವರಿಗೆ, ಅವರ ಮುಖ ನಮಗೆ ಗೊತ್ತಿರುತ್ತಿತ್ತು. ಈಗ ಅಪರೂಪಕ್ಕೆ ಯಾರಾದರೂ ಬಂದರೆ ಆಫೀಸಿನವರು ಮದುವೆಮನೆಯ ಹಾಗೆ ಓಡಾಡುತ್ತಾರೆ, ಫೋಟೋಗ್ರಾಫರನ್ನು ಕರೆಸುತ್ತಾರೆ.

ಸೇರಿದ ಹೊಸದರಲ್ಲಿ ನಾನು ಮಾಡಿದ ಎಡವಟ್ಟು ಒಂದುಂಟು. ಇಲ್ಲಿಯ ಗಾವಾ, ಅಂದರೆ ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಪುಟ್ಟ ಬಟ್ಟಲಿನಲ್ಲಿ ಗುಟುಕಿನಷ್ಟು ಕೊಡುತ್ತಾರೆ. ಸಾಕಾದವರು ಬಟ್ಟಲನ್ನು ಕೈಯಲ್ಲಿ ಸ್ವಲ್ಪ ಅಲುಗಿಸಿ ಹಿಂದೆ ಕೊಡಬೇಕು, ಇಲ್ಲವಾದರೆ ಬಗ್ಗಿಸುತ್ತಲೇ ಇರುತ್ತಾರೆ. ನಾನು ಅದನ್ನು ಕಲಿತಿರಲಿಲ್ಲ. ಒಬ್ಬ ಹಿರಿಯ ಇನ್‌ಸ್ಪೆಕ್ಟರು ಬಟ್ಟಲು ಅಲುಗಿಸಿದಾಗ, ಪಾಪ ವಯಸ್ಸಾಗಿ ಕೈ ನಡುಗುತ್ತಿದೆ ಎಂದುಕೊಂಡು, ಚೆಲ್ಲದ ಹಾಗೆ ಬಟ್ಟಲನ್ನು ಕೆಳಗಿನಿಂದ ಹಿಡಿದು ಇನ್ನಷ್ಟು ಬಗ್ಗಿಸಿದೆ. ಅವರು ಪುನಃ ಅಲುಗಿಸಿದರು, ನಾನು ಪುನಃ ಹಿಡಿದೆ. ಕೊನೆಗೆ ಅವರೇ ನನ್ನ ಕೈಯಿಂದ ಹೂಜಿ ತೆಗೆದು ಮೇಜಿನ ಮೇಲಿಟ್ಟು, ಖಲಾಸ್ ಮಗಳೇ, ಖಲಾಸ್ ಎಂದು ನಕ್ಕುಬಿಟ್ಟರು. ಆ ಮೇಲೆ ಯಾವಾಗ ಬಂದರೂ ನನ್ನನ್ನು ಕಂಡ ಕೂಡಲೇ ಖಾಲಿ ಕೈ ಅಲುಗಿಸಿ ತೋರಿಸುತ್ತಿದ್ದರು.

ನಮ್ಮ ಮೊದಲ ಮ್ಯಾನೇಜರ್ ಲೆಬನಾನಿನ ಹೆಂಗಸು. ಜೋರಿನವರು, ಆದರೆ ಕೆಲಸ ಕಲಿಸಿದ್ದು ಅವರೇ. ಯಾರಾದರೂ ತಪಾಸಣೆಗೆ ಬಂದರೆ ಮೊದಲು ಹಾಳಾದದ್ದನ್ನೇ ತೋರಿಸಬೇಕು ಎನ್ನುತ್ತಿದ್ದರು. ಸೋರುವ ಎ.ಸಿ., ಮುರಿದ ಹಿಡಿಕೆ. ಆಮೇಲೆ ಸಂಸ್ಥೆ ಕೈ ಬದಲಾಯಿತು, ಎಂ.ಡಿ. ಬಂದರು. ಅವರು ನಮ್ಮ ಕಡೆಯವರೇ, ಮನೆತನದವರಿಗೆ ಊರಲ್ಲಿ ಸಸ್ಯಾಹಾರಿ ಹೋಟೆಲುಗಳು. ಮಾತು ಬೆಣ್ಣೆ. ನನ್ನನ್ನು ಸುಮತಿಯಕ್ಕ ಎಂದೇ ಕರೆಯುತ್ತಿದ್ದರು. ಹಾಳಾದ ಹಿಡಿಕೆಯ ಎದುರು ಹೂಕುಂಡ ಇಡಿಸುವುದು ಅವರ ಕ್ರಮ.

ಅವರು ಬಂದ ವಾರವೇ ನಾವು ಚಹಾ ಮಾಡುವ ಪ್ಯಾಂಟ್ರಿಯ ಬಾಗಿಲಿಗೆ ಚೀಟಿ ಬಿತ್ತು, ಒಳಗೆ ಮಾಂಸ ಮೀನು ಮೊಟ್ಟೆ ತರಬಾರದು ಎಂದು. ಇಂಥ ಚೀಟಿ ಇಲ್ಲಿಯ ನಮ್ಮವರ ಎಷ್ಟೋ ಆಫೀಸುಗಳಲ್ಲಿ ಉಂಟು. ನನಗೆ ಅದರಿಂದ ತೊಂದರೆಯಾಗಲಿಲ್ಲ. ಮನೆಯಲ್ಲಿ ಬಂಗುಡೆ ತಿನ್ನುವವಳು ನಾನು, ಆದರೂ ವಾರದಲ್ಲಿ ಎರಡು ದಿನ ತಿನ್ನುವುದಿಲ್ಲ. ಅವರವರ ನಡೆ ಅವರವರಿಗೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬರೆಯುವುದನ್ನು ಓದಿ ಇವಳಿಗೆ ಸಸ್ಯಾಹಾರಿಗಳ ಮೇಲೆ ಕೋಪ ಎಂದು ಯಾರೂ ತಿಳಿಯಬಾರದು.

ನಮ್ಮ ಸಂಸ್ಥೆಯ ಗುರುತು ಗೂಬೆ. ಕನ್ನಡಕ ಹಾಕಿ ಪುಸ್ತಕ ಹಿಡಿದ ಗೂಬೆಯ ಚಿತ್ರ, ಬೋರ್ಡಿನಲ್ಲಿ, ಚಹಾದ ಕಪ್ಪಿನಲ್ಲಿ, ಎಲ್ಲ ಕಡೆ. ಒಂದು ದಿನ ಎಂ.ಡಿ. ನಿಜವಾದ ಗೂಬೆಯನ್ನೇ ತಂದರು. ಅಲ್ ಐನ್ ಕಡೆಯ ಯಾರದೋ ತೋಟದಲ್ಲಿ ಬಲೆಗೆ ಸಿಕ್ಕಿದ್ದಂತೆ, ಪರಿಚಯದವರು ಕೊಟ್ಟರಂತೆ. ಮರಳಿನ ಬಣ್ಣದ ದೊಡ್ಡ ಹಕ್ಕಿ, ಕಿತ್ತಳೆ ಕಣ್ಣು, ತಲೆಯ ಎರಡು ಬದಿ ಕಿವಿಯಂತೆ ಎದ್ದ ಗರಿ. ಕಾಲಿಗೆ ಚರ್ಮದ ಪಟ್ಟಿ ಕಟ್ಟಿ ರಿಸೆಪ್ಷನ್ನಿನ ಗಾಜಿನ ಗೂಡಿನಲ್ಲಿ ಒಂದು ಕೊರಡಿನ ಮೇಲೆ ಕೂರಿಸಿದರು. ಹೆಸರು ಪ್ರೊಫೆಸರ್. ಇದಕ್ಕೆ ಕಾಗದಪತ್ರ ಬೇಡವೇ ಎಂದು ಕೇಳಿದೆ. ಬರ್ತಾ ಉಂಟು ಎಂದರು. ಅದು ಕೊನೆಯ ತನಕ ಬರುತ್ತಲೇ ಇತ್ತು.

ರಾತ್ರಿ ಹಾರುವ ಹಕ್ಕಿಯನ್ನು ಹಗಲಿಡೀ ಟ್ಯೂಬ್‌ಲೈಟಿನ ಕೆಳಗೆ ಕೂರಿಸಿದ್ದು ಒಂದು ಅನ್ಯಾಯ. ಊಟದ್ದು ಅದಕ್ಕಿಂತ ದೊಡ್ಡದು. ಪ್ಯಾಂಟ್ರಿಯ ಚೀಟಿ ಗೂಬೆಗೂ ಅನ್ವಯವಾಯಿತು. ಅದಕ್ಕೆ ಪನೀರಿನ ತುಂಡು, ನೆನೆಸಿದ ಸೋಯಾ, ಅಮಾವಾಸ್ಯೆಗೆ ಒಂದು ಚಮಚ ಪಾಯಸವೂ. ಮೊದಮೊದಲು ಅದು ಬಟ್ಟಲಿನ ಕಡೆ ನೋಡಲೂ ಇಲ್ಲ. ಗರಿ ಉಬ್ಬಿಸಿಕೊಂಡು ಮೂಲೆಗೆ ತಿರುಗಿ ಕೂತಿತ್ತು. ಕೊನೆಗೆ ಹಸಿವು ತಡೆಯಲಾರದೆ ಪನೀರು ನುಂಗಿದಾಗ ಎಂ.ಡಿ. ಸ್ಟಾಫನ್ನೆಲ್ಲ ಕರೆದು ತೋರಿಸಿದರು.

“ಸರ್, ಇದರ ಕೊಕ್ಕು ನೋಡಿ. ಇದು ಪನೀರು ತಿನ್ನುವ ಕೊಕ್ಕಾ?” ಎಂದು ಕೇಳಿದೆ.

“ಎಲ್ಲ ಅಭ್ಯಾಸ ಅಕ್ಕ. ನನ್ನ ಮಗ ಸಣ್ಣದಿರುವಾಗ ಹಾಗಲಕಾಯಿ ಮುಟ್ಟುತ್ತಿರಲಿಲ್ಲ. ಈಗ ಕೇಳಿ ಹಾಕಿಸಿಕೊಳ್ತಾನೆ.”

ಕಾನ್ವೆಂಟಿನ ಸಿಸ್ಟರುಗಳು ನಮಗೆ ದನಿ ಎತ್ತದೆ ಮಾತಾಡಲು ಕಲಿಸಿದ್ದರು, ದನಿ ಎತ್ತಬೇಕಾದಲ್ಲಿ ಏನು ಮಾಡಬೇಕು ಎಂದು ಕಲಿಸಿರಲಿಲ್ಲ. ಮರುದಿನದಿಂದ ಮನೆಯಿಂದಲೇ ತರತೊಡಗಿದೆ. ಬಾಗಿಲು ತೆರೆಯುವವಳು ನಾನೇ ಆದ್ದರಿಂದ ಇತರರು ಬರುವ ಮೊದಲು ತಿನ್ನಿಸಿಬಿಡಬಹುದಿತ್ತು. ಅದರಲ್ಲೂ ನಾನು ಮೊದಲು ತಪ್ಪಿದೆ. ಮೂಳೆ ಗಂಟಲಿಗೆ ಸಿಕ್ಕೀತು ಎಂದು ಹೆದರಿ ಕೋಳಿಯ ಮೆತ್ತಗಿನ ಮಾಂಸ ಮಾತ್ರ ಕತ್ತರಿಸಿ ತರುತ್ತಿದ್ದೆ. ಗಬಗಬ ತಿಂದರೂ ಹಕ್ಕಿ ಚೇತರಿಸಿಕೊಳ್ಳಲಿಲ್ಲ, ಕಾಲು ಊರುವಾಗ ಅದುರುತ್ತಿತ್ತು. ಹಕ್ಕಿಗಳ ಸಾಮಾನು ಮಾರುವ ಅಂಗಡಿಯೊಂದಕ್ಕೆ ಹೋಗಿ ಕೇಳಿದಾಗ ಅಲ್ಲಿಯ ಪಠಾಣ ನನ್ನನ್ನು ಚೆನ್ನಾಗಿ ಬೈದ. ಮೂಳೆ, ಗರಿ, ಚರ್ಮ ಎಲ್ಲ ಇರುವ ಇಡೀ ಪ್ರಾಣಿಯೇ ಆಗಬೇಕಂತೆ. ಬೇಡದ್ದನ್ನು ಹಕ್ಕಿ ಉಂಡೆ ಕಟ್ಟಿ ಬಾಯಿಂದ ಹೊರಗೆ ಹಾಕುತ್ತದಂತೆ. ಹದ್ದು ಗಿಡುಗಗಳಿಗೆಂದು ಮಾರುವ ಕೋಳಿಮರಿಯ ಪೊಟ್ಟಣ ಕೊಟ್ಟ. ಐಸ್ ಹುಡುಕಲು ಹೋದ ಸದಾಶಿವ ಫ್ರೀಜರಿನಲ್ಲಿ ಬಂಗುಡೆಯ ಪಕ್ಕ ಸಾಲಾಗಿ ಮಲಗಿದ್ದ ಹಳದಿ ಮರಿಗಳನ್ನು ನೋಡಿ, ಶರಬತ್ತು ಬೇಡವೆಂದು ಬಿಸಿನೀರು ಕುಡಿದು ಮಲಗಿದರು.

ಗೂಬೆ ಚೇತರಿಸಿಕೊಂಡಿತು. ಬೆಳಿಗ್ಗೆ ಅದು ಹಾಕಿದ ಬೂದು ಉಂಡೆಯನ್ನು ಟಿಶ್ಯೂವಿನಲ್ಲಿ ತೆಗೆದು ಬಿಸಾಡಿ, ಹೊಸ ಮರಿಯನ್ನು ಕೊಟ್ಟು, ಕೈ ತೊಳೆದು, ಲಿಪ್‌ಸ್ಟಿಕ್ ಸರಿಮಾಡಿಕೊಂಡು ಕೂರುತ್ತಿದ್ದೆ. ಆದರೆ ಇದರ ಪರಿಣಾಮ ನಾನು ಎಣಿಸಿದ ಹಾಗೆ ಆಗಲಿಲ್ಲ. ಹಕ್ಕಿ ಗಟ್ಟಿಯಾದದ್ದನ್ನು ಕಂಡು ಎಂ.ಡಿ. ಪನೀರಿನ ಮಹಿಮೆ ಎಂದು ತಿಳಿದರು. ಬ್ರೋಷರಿನಲ್ಲಿ, ಜಗತ್ತಿನ ಮೊದಲ ಶುದ್ಧ ಸಸ್ಯಾಹಾರಿ ಗೂಬೆ ಎಂದು ಹಾಕಿಸಿದರು. ಶಾಲೆಯ ಮಕ್ಕಳಿಗೆ ಪರಿಸರ ಪಾಠ ಮಾಡುವ ಹೊಸ ಕಾರ್ಯಕ್ರಮಕ್ಕೆ ಪ್ರೊಫೆಸರನ್ನೇ ಮುಖ ಮಾಡಿ, ಬಲದಿಯಾದ ಸಹಕಾರ ಕೇಳಿ ಬರೆದರು. ಅವರು ಬಂದು ನೋಡುತ್ತೇವೆ ಎಂದರು. ನನಗೋ ಆ ತಿಂಗಳ ಕೊನೆಗೆ ನಿವೃತ್ತಿ. ನಾನು ಹೋದ ಮರುದಿನದಿಂದ ಆ ಹಕ್ಕಿಗೆ ಪುನಃ ಪನೀರೇ. ಸತ್ತರೆ, ಏನೋ ವಯಸ್ಸಾಗಿತ್ತು ಎಂದು ಇನ್ನೊಂದನ್ನು ಹಿಡಿಸುತ್ತಾರೆ. ಎಂ.ಡಿ.ಯ ಹತ್ತಿರ ಎರಡು ಸಲ ಕುಳಿತು ಹೇಳಲು ನೋಡಿದೆ. ಒಮ್ಮೆ ಫೋನ್ ಬಂತು, ಇನ್ನೊಮ್ಮೆ ಅವರು ನನ್ನ ಬೀಳ್ಕೊಡುಗೆಗೆ ಯಾವ ಬಣ್ಣದ ಸೀರೆ ಇಷ್ಟ ಎಂದು ಕೇಳಿದರು.

ಹೀಗೆ ಆ ಬೆಳಿಗ್ಗೆ ನಾನು ಡಬ್ಬಿ ಹಿಡಿದು ಹೋದರೆ, ನನಗಿಂತ ಮೊದಲೇ ಹೂವಿನ ಅಲಂಕಾರದವರು, ಫೋಟೋಗ್ರಾಫರು, ಎಂ.ಡಿ. ಎಲ್ಲರೂ ಬಂದಿದ್ದರು. ಗೂಬೆಗೆ ತಿನ್ನಿಸಲಾಗಲಿಲ್ಲ. ಡಬ್ಬಿ ಚೀಲದಲ್ಲೇ ಉಳಿಯಿತು. ಹಕ್ಕಿಯ ಕೊರಳಿಗೆ ಒಂದು ಮೊಳ ಮಲ್ಲಿಗೆ ಹಾಕಿದ್ದರು. ನಿದ್ದೆಗೆ ಕಣ್ಣು ಮುಚ್ಚಿದರೆ ಫೋಟೋ ಚೆನ್ನಾಗಿ ಬರುವುದಿಲ್ಲವೆಂದು ಅದರ ಮುಖದೆದುರಿಗೇ ದುಂಡನೆಯ ದೀಪ ಉರಿಸಿಟ್ಟಿದ್ದರು. ಪಾಪದ್ದು ಒಂದು ಕಾಲು ಎತ್ತಿ, ಇಳಿಸಿ, ಕಣ್ಣಿನ ಮೇಲೆ ತೆಳ್ಳಗಿನ ಪೊರೆ ಎಳೆದುಕೊಳ್ಳುತ್ತಿತ್ತು. ದೀಪ ಆರಿಸಿ ಎಂದೆ. ಐದು ನಿಮಿಷ ಅಕ್ಕ ಎಂದರು. ಮಲ್ಲಿಗೆಯನ್ನು ಮಾತ್ರ ನಾನೇ ತೆಗೆದೆ. ಯಾರೂ ಕೇಳಲಿಲ್ಲ.

ಬಲದಿಯಾದಿಂದ ಇಬ್ಬರು ಬಂದರು. ಒಬ್ಬರು ಬಿಳಿ ಗಡ್ಡದ ಹಿರಿಯರು, ನಾನು ಮೊದಲು ಕಂಡವರಲ್ಲ; ತೊಟ್ಟ ಬಿಳಿ ನಿಲುವಂಗಿ ಕಂದೂರದ ತೋಳಿನಲ್ಲಿ ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ. ಇನ್ನೊಬ್ಬಳು ಅಬಾಯಾ ತೊಟ್ಟ ಎಳೆಯ ಅಧಿಕಾರಿಣಿ, ಕೈಯಲ್ಲಿ ಟ್ಯಾಬ್ಲೆಟ್. ಖರ್ಜೂರ, ಗಾವಾ ಕೊಟ್ಟೆ. ಮೊದಲಿಗೇ ಫೋಟೋ ಆಯಿತು: ಇಬ್ಬರ ನಡುವೆ ಎಂ.ಡಿ., ಹಿಂದೆ ಗೂಬೆ. ಅದಾದ ಮೇಲೆ ಹಿರಿಯರು ತಾವಾಗಿಯೇ ಗಾಜಿನ ಗೂಡಿನ ಬಳಿ ಹೋಗಿ ಆ ದೀಪವನ್ನು ಆರಿಸಿದರು. ಇವರದು ಗಿಡುಗ ಸಾಕುವ ಮನೆತನ ಎಂದು ಆಮೇಲೆ ತಿಳಿಯಿತು. ಬಾಗಿಲು ತೆರೆದು, ಮೈ ತುಂಬಿಕೊಂಡಿದೆಯೇ ಎಂದು ಬೆರಳಿನಿಂದ ಹಕ್ಕಿಯ ಎದೆಯ ನಡುವಿನ ಮೂಳೆಯನ್ನು ಮೆಲ್ಲಗೆ ಮುಟ್ಟಿ ನೋಡಿದರು. ಏನು ತಿನ್ನುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಪ್ಯೂರ್ ವೆಜ್, ಸರ್. ಲೈಕ್ ಅಸ್,” ಎಂದರು ಎಂ.ಡಿ.

ಎಳೆಯ ಅಧಿಕಾರಿಣಿ ತಮಾಷೆ ಎಂದುಕೊಂಡು ನಕ್ಕಳು. ಮತ್ತೆ ಎಂ.ಡಿ.ಯ ಮುಖ ನೋಡಿ ನಗು ನಿಲ್ಲಿಸಿದಳು. ಅಷ್ಟರಲ್ಲಿ ಗೂಬೆ ಕತ್ತು ಮುಂದೆ ಚಾಚಿ, ಬಾಯಿ ಅಗಲ ಮಾಡಿ, ತಲೆ ಅಲ್ಲಾಡಿಸಿ, ನಿನ್ನೆಯ ಊಟದ ಉಂಡೆಯನ್ನು ಹೊರಗೆ ಹಾಕಿತು. ಅದು ಹಿರಿಯರ ಚಪ್ಪಲಿಯ ಪಕ್ಕ ಬಿತ್ತು. ಎಂ.ಡಿ. ಗಾಬರಿಯಾಗಿ, ಗ್ಯಾಸ್ ಸರ್, ಗ್ಯಾಸ್ ಎಂದರು. ಹಿರಿಯರು ಟಿಶ್ಯೂವಿನಲ್ಲಿ ಅದನ್ನು ಎತ್ತಿ ಎರಡು ಭಾಗ ಮಾಡಿದರು. ಒಳಗೆ ಹಳದಿ ತುಪ್ಪುಳ, ಕಡ್ಡಿಯಂಥ ಮೂಳೆ, ಒಂದು ಪುಟ್ಟ ಕಾಲು. ಇದು ಯಾವ ತರಕಾರಿ ಎಂದು ಕೇಳಿದರು. ಅವರ ದನಿಯಲ್ಲಿ ಕೋಪವೇ ಇರಲಿಲ್ಲ.

ಎಂ.ಡಿ. ಇಂಗ್ಲಿಷಿನಲ್ಲಿ, ಇದು ಹೇಗಾಯಿತೋ ತಿಳಿಯದು, ನಮ್ಮಲ್ಲಿ ಮಾಂಸ ಬರುವುದೇ ಇಲ್ಲ, ಈಕೆ ಹಳೆಯ ಸ್ಟಾಫ್, ಇವರನ್ನೇ ಕೇಳಿ ಎಂದು ನನ್ನ ಕಡೆ ತಿರುಗಿದರು. ಮತ್ತೆ ನಗುಮುಖ ಬಿಡದೆ, ನಮ್ಮ ಭಾಷೆಯಲ್ಲಿ ಮೆಲ್ಲಗೆ, “ಅಕ್ಕ, ಪನೀರೇ ಅಂತ ಹೇಳಿ ಬಿಡಿ. ಮತ್ತೆ ನಾವು ಮಾತಾಡುವ,” ಎಂದರು.

ಹೇಳಿಬಿಡಬಹುದಿತ್ತು. ಹಿರಿಯರು ಮರ್ಯಾದೆಗಾಗಿ ಒಪ್ಪಿಕೊಳ್ಳುತ್ತಿದ್ದರೋ ಏನೋ. ತಿಂಗಳ ಕೊನೆಗೆ ಸೀರೆ ಉಟ್ಟು ಕೇಕ್ ಕತ್ತರಿಸಿ ಮನೆಗೆ ಹೋಗುತ್ತಿದ್ದೆ. ಆದರೆ ಹಕ್ಕಿ ಆಗ ನನ್ನ ಕೈಚೀಲವನ್ನೇ ನೋಡುತ್ತಿತ್ತು. ಊಟ ಬರುವುದು ಅಲ್ಲಿಂದ ಎಂದು ಅದಕ್ಕೆ ಗೊತ್ತಿತ್ತು.

“ಸರ್, ಪನೀರು ಕೊಡ್ತಾರೆ. ಅದರಲ್ಲಿ ಇದು ಬದುಕುವುದಿಲ್ಲ. ಇಷ್ಟು ದಿನ ನಾನು ಮನೆಯಿಂದ ತಂದು ತಿನ್ನಿಸಿದ್ದು,” ಎಂದು ಇಂಗ್ಲಿಷಿನಲ್ಲಿ ಹೇಳಿದೆ. “ಈ ತಿಂಗಳಿಗೆ ನನ್ನ ಕೆಲಸ ಮುಗಿಯುತ್ತದೆ. ಆಮೇಲೆ ಇದಕ್ಕೆ ಕೊಡುವವರು ಯಾರೂ ಇಲ್ಲ.”

ಇವತ್ತು ತಿಂದಿದೆಯೇ ಎಂದು ಅವರು ಕೇಳಿದರು. ಇಲ್ಲ ಎಂದು ಡಬ್ಬಿ ತೆಗೆದು ಕೊಟ್ಟೆ. ಮರಿ ಅಷ್ಟರಲ್ಲಿ ಮೆತ್ತಗಾಗಿತ್ತು. ಶ್ಯಾಂಡಲಿಯರಿನ ಕೆಳಗೆ, ಹೂವಿನ ಕಮಾನಿನ ಎದುರು, ಆ ಹಿರಿಯರು ಕಂದೂರದ ತೋಳು ಮೇಲಕ್ಕೆ ಮಡಚಿ ಮರಿಯನ್ನು ಹಿಡಿದರು, ಗೂಬೆ ಅದನ್ನು ತಲೆಯ ಕಡೆಯಿಂದ ಇಡಿಯಾಗಿ ನುಂಗಿತು. ನಮ್ಮ ಅಕೌಂಟೆಂಟ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೊರಗೆ ಹೋದರು. ಎಂ.ಡಿ. ಕಣ್ಣು ಮುಚ್ಚಿದ್ದರು, ತುಟಿ ಏನೋ ಜಪಿಸುತ್ತಿತ್ತು.

ಅಧಿಕಾರಿಣಿ ಪರವಾನಗಿ ಕೇಳಿದಳು. ಬರ್ತಾ ಉಂಟು ಎನ್ನುವುದನ್ನು ಎಂ.ಡಿ. ಇಂಗ್ಲಿಷಿನಲ್ಲಿ ಹೇಳಿದರು. ಅವಳು ಫೋನಿನಲ್ಲಿ ಯಾರೊಂದಿಗೋ ಮಾತಾಡಿದಳು. ಬೈಗುಳವಿಲ್ಲ, ಜೋರಿಲ್ಲ. ಮಧ್ಯಾಹ್ನದೊಳಗೆ ಒಂದು ವ್ಯಾನ್ ಬಂತು, ಹಕ್ಕಿಯನ್ನು ಕತ್ತಲೆಯ ಪೆಟ್ಟಿಗೆಯಲ್ಲಿ ಇಟ್ಟು ಕೊಂಡುಹೋದರು. ಹೋಗುವ ಮೊದಲು ಹಿರಿಯರು ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಶುಕ್ರನ್ ಎಂದು ಧನ್ಯವಾದ ಹೇಳಿದರು. ಕೆಲವು ವಾರ ಕಳೆದು ಆ ಅಧಿಕಾರಿಣಿಯೇ ಫೋನ್ ಮಾಡಿ, ಗೂಬೆ ದೊಡ್ಡ ಪಂಜರದಲ್ಲಿ ಹಾರಲು ಕಲಿಯುತ್ತಿದೆ, ರೆಕ್ಕೆ ಗಟ್ಟಿಯಾದ ಮೇಲೆ ಬಿಡುತ್ತೇವೆ ಎಂದಳು. ಅಷ್ಟೇ ನನಗೆ ಗೊತ್ತಿರುವುದು.

ಅವರು ಹೋದ ಮೇಲೆ ಎಂ.ಡಿ. ಮಾಡಿದ ಮೊದಲ ಕೆಲಸ ಪ್ಯಾಂಟ್ರಿಯ ಫ್ರಿಜ್ ತೊಳೆಸಿದ್ದು. ಎರಡನೆಯದು ನನ್ನನ್ನು ಕರೆದದ್ದು.

“ಅಕ್ಕ, ನಿಮ್ಮನ್ನು ನಾನು ಮನೆಯವರ ಹಾಗೆ ನೋಡಿದೆ. ನನ್ನ ಆಫೀಸಿಗೆ ಮಾಂಸ ತಂದಿರಲ್ಲ.”

“ಅದು ಹಸಿವಿನಿಂದ ಸಾಯ್ತಿತ್ತು ಸರ್.”

“ಅದು ಬೇರೆ ವಿಷಯ,” ಎಂದರು.

ಇಷ್ಟು ವರ್ಷದ ಕೆಲಸದಲ್ಲಿ ಬೈಗುಳ ಕೇಳಿದ್ದೇನೆ, ಅಪವಾದ ಕೇಳಿದ್ದೇನೆ. ಈ ಮೂರು ಶಬ್ದದಷ್ಟು ನನ್ನನ್ನು ಉರಿಸಿದ್ದು ಬೇರೊಂದಿಲ್ಲ. ಒಂದು ಜೀವ ಅವರ ಕಣ್ಣೆದುರು ಒಣಗುತ್ತಿತ್ತು, ಅದು ಬೇರೆ ವಿಷಯವಂತೆ. ವಿಷಯ ಯಾವುದೆಂದರೆ ಫ್ರಿಜ್. ನಾಳೆಯಿಂದ ರೆಸ್ಟ್ ಮಾಡಿ ಎಂದರು. ಸ್ಟಾಫಿಗೆ ಹೋದ ಮೆಸೇಜಿನಲ್ಲಿ, ಸುಮತಿಯಕ್ಕ ಆರೋಗ್ಯದ ಕಾರಣ ಬೇಗ ನಿವೃತ್ತರಾಗುತ್ತಿದ್ದಾರೆ ಎಂದಿತ್ತು. ಡ್ರಾಯರಿನಿಂದ ಛತ್ರಿ, ಸೂಜಿದಾರ, ತಲೆನೋವಿನ ಮುಲಾಮು ತೆಗೆದುಕೊಂಡೆ. ಇನ್ನೂ ಅಲ್ಲೇ ಕೆಲಸ ಮಾಡಿ ತಿನ್ನಬೇಕಾದವರು ತಲೆ ಎತ್ತಿ ನೋಡಲಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ. ಇಲ್ಲಿರಲು ಬೇಕಾದ ನನ್ನ ವೀಸಾ ಗಂಡನ ಹೆಸರಿನದು, ಅವರದು ಎಂ.ಡಿ.ಯ ಕೈಯಲ್ಲಿ. ಈ ಕೆಲಸಕ್ಕೆ ಬರುವ ಮಕ್ಕಳೇ, ನಿಮಗೆ ಧೈರ್ಯದ ಪಾಠ ಹೇಳಲು ನಾಚಿಕೆಯಾಗುತ್ತದೆ. ಮುಂದಿನ ತಿಂಗಳ ಸಂಬಳ ನಂಬಿಕೊಂಡಿರುವವಳಿಗೆ ಅದು ನನಗಾದಷ್ಟು ಸುಲಭವಲ್ಲ. ಆದರೆ ನಿಮ್ಮ ಬಾಯಿಂದ ಪನೀರು ಎನ್ನಿಸಲು ನೋಡುವವರು ಎಲ್ಲ ಆಫೀಸಿನಲ್ಲೂ ಇರುತ್ತಾರೆ, ಅವರು ಬಹಳ ಪ್ರೀತಿಯಿಂದ ಅಕ್ಕ ಎಂದು ಕರೆಯುತ್ತಾರೆ ಎನ್ನುವುದು ಮೊದಲೇ ಗೊತ್ತಿರಲಿ.

ಅಂದು ಸಂಜೆ ಬಟ್ಟೆ ಒಣಗಿಸಲು ಬಾಲ್ಕನಿಗೆ ಬಂದಾಗ ಪಕ್ಕದ ಫ್ಲಾಟಿನ ಶಾಂತಕ್ಕ ತಮ್ಮ ಬಾಲ್ಕನಿಯಲ್ಲಿ ಮೆಂತ್ಯ ಬಿಡಿಸುತ್ತಾ ಕುಳಿತಿದ್ದರು. ಧಾರವಾಡದವರು, ಗಂಡ ಇಲ್ಲಿ ಎಂಜಿನಿಯರ್, ಒಬ್ಬ ಮಗ ಆರನೇ ಕ್ಲಾಸು. ಇವತ್ತು ಬೇಗ ಬಂದಿರೇನ್ರಿ ಎಂದು ಕೇಳಿ, ನಾನು ಉತ್ತರ ಹೇಳುವ ಮೊದಲೇ ಫೋನ್ ಒರೆಸಿ ನನ್ನ ಕಡೆ ಹಿಡಿದರು. ನಮ್ಮ ಸಂಸ್ಥೆಯ ಪೇಜಿನಲ್ಲಿ ಬೆಳಗಿನ ಫೋಟೋ ಬಂದಿತ್ತು. ಇಬ್ಬರು ಅಧಿಕಾರಿಗಳು, ನಡುವೆ ಎಂ.ಡಿ., ಹಿಂದೆ ಪ್ರೊಫೆಸರ್. ಕೆಳಗೆ ನೂರಾರು ಹೃದಯದ ಗುರುತು.

“ನಮ್ಮ ಹುಡುಗನ್ನೂ ಇಲ್ಲೇ ಟ್ಯೂಷನ್‌ಗೆ ಹಚ್ಚಬೇಕಂತ ಮಾಡೇವ್ರಿ,” ಎಂದು ಮೆಂತ್ಯದ ದಂಟು ಮುರಿದರು. “ಒಂದ ಹಕ್ಕೀನ ಇಷ್ಟ ಚಂದ ಸಾಕ್ಯಾರಂದ್ರ, ಮಕ್ಕಳನ್ನ ಎಷ್ಟ ಚಲೋ ನೋಡ್ಕೋತಿರಬೇಕು ಹೇಳ್ರಿ.”